ಟಿಕೆಟ್‌ನಲ್ಲಿ ಮೂರೇ ಗಂಟೆ, ವಿಮಾನದಲ್ಲಿ ಹದಿನಾರೂವರೆ!

ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು, ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. ಟಿಕೆಟ್‌ನಲ್ಲಿ ಹೀಗಿದ್ದರೆ, ಮಗನ ಮನೆಗೆ ಮೊದಲ ಸಲ ಹೊರಟ ಅಪ್ಪ-ಅಮ್ಮನಿಗೆ ಗೊಂದಲವಾಗದೆ ಇರುತ್ತದೆಯೇ? ಹೊರಡುವ ಹೊತ್ತು ನಮ್ಮೂರಿನದು, ತಲುಪುವ ಹೊತ್ತು ಆ ಊರಿನದು. ಎರಡನ್ನೂ ಒಂದೇ ಗಡಿಯಾರಕ್ಕೆ ತಂದರೆ ಲೆಕ್ಕ ಸುಲಭ.

ಮೊದಲು ದೂರ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಡಬೇಡಿ, ದಾರಿ ತಪ್ಪಿಸುತ್ತದೆ. ಮಕ್ಕಳ ಗ್ಲೋಬ್ ತನ್ನಿ. ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಸೈಬೀರಿಯಾ, ಅಲಾಸ್ಕಾ ಮೇಲೆ ಹಾಯುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ, ಆದರೆ ಅದೇ ಹತ್ತಿರದ ದಾರಿ. ಈಗ ಭೂಮಧ್ಯರೇಖೆಯ ಸುತ್ತ ಇನ್ನೊಂದು ದಾರ ಸುತ್ತಿ ಅಳೆಯಿರಿ. ಅದು 40,000 ಕಿ.ಮೀ.ಗೆ ಸಮ. ಸುತ್ತಳತೆ 94 ಸೆಂ.ಮೀ., ನಿಮ್ಮ ದಾರ 33 ಸೆಂ.ಮೀ. ಇದ್ದರೆ, 33ನ್ನು 94ರಿಂದ ಭಾಗಿಸಿ 40,000ದಿಂದ ಗುಣಿಸಿ. ಸುಮಾರು 14,000 ಕಿ.ಮೀ. ಬರುತ್ತದೆ. ಗ್ಲೋಬ್ ಇಲ್ಲವೇ? ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ವೆಬ್‌ಸೈಟ್‌ನಲ್ಲಿ ಬಿಎಲ್‌ಆರ್, ಎಸ್‌ಎಫ್‌ಒ ಎಂಬ ಏರ್‌ಪೋರ್ಟ್ ಕೋಡ್ ಹಾಕಿದರೆ ಸಾಕು. ದಾರದಷ್ಟು ಮಜಾ ಇರುವುದಿಲ್ಲ, ಅಷ್ಟೆ.

ದುಬೈನಲ್ಲಿ ವಿಮಾನ ಬದಲಿಸಿದರೆ ಎರಡು ತುಂಡುಗಳನ್ನು ಬೇರೆಬೇರೆ ಅಳೆದು ಕೂಡಿಸಿ: 2,700 ಮತ್ತು 13,000, ಒಟ್ಟು ಸುಮಾರು 15,700 ಕಿ.ಮೀ. ಅಲ್ಲಿ ಕಾಯುವ ಹೊತ್ತು ಬೇರೆ.

ಇನ್ನು ಗಂಟೆ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. 14,000ವನ್ನು ಅದರಿಂದ ಭಾಗಿಸಿದರೆ ಹದಿನೈದೂವರೆ. ಏರಲು, ಇಳಿಯಲು, ರನ್‌ವೇವರೆಗೆ ಉರುಳಲು ಅರ್ಧದಿಂದ ಒಂದು ಗಂಟೆ ಸೇರಿಸಿ. ಇದು ಅಂದಾಜು ಮಾತ್ರ. ವಿಮಾನ ದಾರದ ಗೆರೆಯನ್ನೇ ಹಿಡಿದು ಹೋಗುವುದಿಲ್ಲ. ಟಿಬೆಟ್‌ನ ಎತ್ತರದ ನೆಲದ ಮೇಲೆ ತುರ್ತಾಗಿ ಕೆಳಗಿಳಿಯುವುದು ಕಷ್ಟ, ಹಾಗಾಗಿ ಸುತ್ತು ಹಾಕುತ್ತಾರೆ. ಕೆಲವು ದೇಶಗಳು ತಮ್ಮ ಆಕಾಶವನ್ನೇ ಮುಚ್ಚಿರುತ್ತವೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿಯೂ ಇದೆ. ಬೆಂಗಳೂರಿನಿಂದ ಲಂಡನ್‌ಗೆ ಹೋಗುವುದಕ್ಕಿಂತ ವಾಪಸ್ ಬರುವಾಗ ಸಾಮಾನ್ಯವಾಗಿ ಕಡಿಮೆ ಹೊತ್ತು ಹಿಡಿಯುವುದು ಇದರಿಂದಲೇ.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿನ ಸಂಜೆ 5 ಅಂದರೆ ನಮ್ಮಲ್ಲಿ ಮರುದಿನ ಬೆಳಗ್ಗೆ 6.30. ಮಧ್ಯಾಹ್ನ 2ರಿಂದ ಅಲ್ಲಿಗೆ ಎಣಿಸಿ: ಹದಿನಾರೂವರೆ ಗಂಟೆ. ಸರಿಹೋಯಿತು ಅಲ್ವಾ? ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ 12 ಗಂಟೆ 30 ನಿಮಿಷ. ಬಹಳ ಜನ ಎಡವುವುದು ಇಲ್ಲೇ.

ವಾಪಸ್ ಬರುವಾಗ ತಾರೀಖು ಜೋಪಾನ. ಚಳಿಗಾಲದ ಶನಿವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟರೆ ನಮ್ಮಲ್ಲಿ ಆಗಲೇ ಭಾನುವಾರ ಬೆಳಗ್ಗೆ 10.30. ಹದಿನೇಳೂವರೆ ಗಂಟೆ ಹಾರಾಟ ಎಂದುಕೊಂಡರೆ ಇಳಿಯುವುದು ಸೋಮವಾರ ಬೆಳಗಿನ ಜಾವ 4ಕ್ಕೆ. ಸೋಮವಾರವೇ ಆಫೀಸಿಗೆ ಹೋಗುವ ಸಾಹಸ ಬೇಡ.

ಮನೆಯಿಂದ ಮನೆಗೆ ಲೆಕ್ಕ ಬೇಕೆಂದರೆ, ಮೂರು ಗಂಟೆ ಮೊದಲೇ ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿರಬೇಕು. ಹೆಬ್ಬಾಳದ ಟ್ರಾಫಿಕ್‌ಗೆ ಸೂತ್ರವಿಲ್ಲ, ಜಾಸ್ತಿಯೇ ಹಿಡಿದುಕೊಳ್ಳಿ. ಆ ಕಡೆ ಇಮಿಗ್ರೇಷನ್ ಸಾಲು, ಲಗೇಜು ಎರಡೂ ಇವೆ. ಕರೆದೊಯ್ಯಲು ಬರುವ ಮಗನಿಗೆ 5 ಗಂಟೆ ಅನ್ನಬೇಡಿ, ಆರೂವರೆಗೆ ಬಾ ಅನ್ನಿ.