ಕಕ್ಕಡದ ಮಳೆಯಲ್ಲಿ 'ನೆವರ್‌ಮೈಂಡ್' ಕೇಳುವ ಕ್ರಮ

ಅಮೆರಿಕದ ರಾಕ್ ತಂಡ ನಿರ್ವಾಣದ ಎರಡನೆಯ ಸ್ಟುಡಿಯೊ ಆಲ್ಬಂ 'ನೆವರ್‌ಮೈಂಡ್' 1991ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಮಡಿಕೇರಿಯ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಅದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ತಂಡದ ಮೊದಲ ಆಲ್ಬಂ, 1989ರ 'ಬ್ಲೀಚ್'ನ ಒಂದೆರಡು ಹಾಡುಗಳನ್ನು ಮುಂಚಿತವಾಗಿ ಕೇಳಿದರೆ, ಡ್ರಮ್ಮರ್ ಡೇವ್ ಗ್ರೋಲ್ ಸೇರಿದ ಮೇಲೆ ತಾಳಕ್ಕೆ ಬಂದ ಬಿಗಿ ತಾನಾಗಿ ತಿಳಿಯುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಸ್ಪೀಕರ್ ಸಾಲದು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಇಲ್ಲದಿದ್ದರೆ, ಗಾಯಕ ಕರ್ಟ್ ಕೋಬೇನ್ ಸ್ಟುಡಿಯೊದ ಕಂಟ್ರೋಲ್ ರೂಮಿನ ಸೋಫಾದ ಮೇಲೆ ಮಲಗಿ ಪಿಸುದನಿಗಿಂತ ತುಸುವೇ ಮೇಲೆ ಹಾಡಿದ 12ನೆಯ ಹಾಡು 'ಸಮ್‌ಥಿಂಗ್ ಇನ್ ದ ವೇ' (ನನಗೆ ಇಡೀ ಆಲ್ಬಂನಲ್ಲಿ ಇದೇ ಹೆಚ್ಚು) ಮಳೆಯ ಸದ್ದಿನಲ್ಲೇ ಕರಗಿಹೋಗುತ್ತದೆ. ಹಲವು ಸಿಡಿಗಳಲ್ಲಿ ಅದರ ಬಳಿಕ ಸುಮಾರು 10 ನಿಮಿಷಗಳ ಮೌನ ಕಳೆದು ಅಡಗಿಸಿಟ್ಟ ಇನ್ನೊಂದು ಹಾಡು ಏಕಾಏಕಿ ಅಬ್ಬರಿಸುವುದರಿಂದ, ಆ ಮೌನದಲ್ಲೇ ವಾಲ್ಯೂಮ್ ತಗ್ಗಿಸಿಟ್ಟುಕೊಳ್ಳುವುದು ಒಳಿತು.