ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಜೊತೆ ಟೈರ್: ನನ್ನ ಅನುಭವ

ನನ್ನ ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕ್‌ಗೆ ಇಳಿಸಿದ ಕೆಲವೇ ಸುತ್ತುಗಳಲ್ಲಿ ಮುಂದಿನ ಟೈರುಗಳು ಹಿಡಿತ ಕಳೆದುಕೊಂಡು ಜಾರತೊಡಗುತ್ತಿದ್ದವು. ಹೊರ ಅಂಚಿನ ರಬ್ಬರ್ ಚೂರುಚೂರಾಗಿ ಕಿತ್ತು ಬರುತ್ತಿತ್ತು. ರಸ್ತೆಗೆಂದೇ ತಯಾರಾದ ಟೈರಿನ ಆಳವಾದ ಟ್ರೆಡ್ (ನೆಲಕ್ಕೆ ತಾಗುವ, ಗೀರುಗಳಿರುವ ರಬ್ಬರ್ ಪದರ) ತಿರುವಿನ ಒತ್ತಡಕ್ಕೆ ಬಾಗಿ ಅಲುಗಾಡುತ್ತದೆ, ಆ ಅಲುಗಾಟ ಹುಟ್ಟಿಸುವ ಶಾಖವೇ ರಬ್ಬರನ್ನು ಅದರ ಮಿತಿಯಾಚೆಗೆ ಒಯ್ಯುತ್ತದೆ.

ಟ್ರೆಡ್‌ವೇರ್ ಅಂಕ (ಟೈರು ಸವೆತವನ್ನು ಎಷ್ಟು ತಾಳುತ್ತದೆಂದು ಸೂಚಿಸುವ ಸಂಖ್ಯೆ) 100 ಅಥವಾ ಅದಕ್ಕೂ ಕಡಿಮೆ ಇರುವ ಟೈರುಗಳ ಹಿಡಿತ ಅದ್ಭುತವೇ ಸರಿ. ಆದರೆ ಅವು ಬೇಗ ಸವೆಯುತ್ತವೆ, ನೀರು ನಿಂತ ರಸ್ತೆಯಲ್ಲಿ ಸುಲಭವಾಗಿ ತೇಲುತ್ತವೆ. ಟ್ರ್ಯಾಕ್‌ಗೆ ಹೋದ ಕಾರಿನಲ್ಲೇ ಮನೆಗೆ ಮರಳುವವರಿಗೆ ಮಳೆಯಲ್ಲಿನ ಸುರಕ್ಷತೆಯು ಸುತ್ತಿನ ಸಮಯಕ್ಕಿಂತ ದೊಡ್ಡದೆಂಬುದು ನನ್ನ ದೃಢ ಅಭಿಪ್ರಾಯ. ಹೀಗಾಗಿ 200 ಅಂಕದ ಬೇಸಿಗೆ ಟೈರುಗಳನ್ನು ಆರಿಸಿಕೊಂಡೆ. (ಈ ಅಂಕವನ್ನು ಆಯಾ ತಯಾರಕರೇ ನೀಡುವುದರಿಂದ ಎರಡು ಕಂಪನಿಗಳ 200 ಸಮಾನವೆಂದು ಭಾವಿಸುವಂತಿಲ್ಲ.) ತಾಪಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇಂಥ ರಬ್ಬರ್ ಗಡುಸಾಗುತ್ತದೆ.

ಟೈರನ್ನಷ್ಟೇ ಬದಲಿಸಿದರೆ ಹೊರ ಅಂಚಿನ ಸವೆತ ನಿಲ್ಲದು. ಆದ್ದರಿಂದ ಮುಂದಿನ ಚಕ್ರಗಳ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಕಾರಿನ ಒಳಬದಿಗೆ ವಾಲಿರುವ ಕೋನ, ಹೆಚ್ಚಿಸಿದೆ. ಟೈರಿನ ಶಾಖ ಸುಮಾರು 5.5 ಡಿಗ್ರಿ ಏರಿದಾಗಲೆಲ್ಲ ಗಾಳಿಯ ಒತ್ತಡ ಹತ್ತಿರಹತ್ತಿರ 1 ಪಿಎಸ್‌ಐ ಹೆಚ್ಚುತ್ತದೆ. ಹಾಗಾಗಿ ಟ್ರ್ಯಾಕ್‌ನಿಂದ ಹೊರಬಂದ ಕೂಡಲೇ, ಟೈರು ಬಿಸಿಯಿರುವಾಗಲೇ, ಅಳೆದು ಹೆಚ್ಚಾದ ಗಾಳಿಯನ್ನು ಇಳಿಸುತ್ತೇನೆ, ಟೈರು ತಣಿದ ಬಳಿಕ ರಸ್ತೆಗೆ ಸೂಚಿಸಿದ ಒತ್ತಡಕ್ಕೆ ಮತ್ತೆ ತುಂಬಿಸಿಯೇ ಹೊರಡುತ್ತೇನೆ. ಈಗ ಟೈರಿನ ಒಳ, ನಡು, ಹೊರ ಭಾಗಗಳ ಶಾಖದಲ್ಲಿ ದೊಡ್ಡ ಅಂತರವಿಲ್ಲ. ರಬ್ಬರ್ ಕಿತ್ತು ಬರುವುದೂ ನಿಂತಿದೆ.