ಬನ್ನೇರುಘಟ್ಟ, ಚಂಪಕಧಾಮ, ಮುತ್ಯಾಲಮಡುವು: ಒಂದೇ ದಿನದಲ್ಲಿ ಮುಗಿಸುವ ಕ್ರಮ

ಬೆಂಗಳೂರಿನ ದಕ್ಷಿಣಕ್ಕಿರುವ ಬನ್ನೇರುಘಟ್ಟ ಪ್ರಾಣಿ ಪಾರ್ಕು, ಅದರ ಪಕ್ಕದ ಚಂಪಕಧಾಮ ದೇವಸ್ಥಾನ, ಆನೇಕಲ್ ಬಳಿಯ ಕಣಿವೆಯಲ್ಲಿರುವ ಮುತ್ಯಾಲಮಡುವು ಜಲಪಾತ, ಈ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದು, ಆದರೆ ಕ್ರಮ ತಪ್ಪಿದರೆ ಒಂದಾದರೂ ಕೈತಪ್ಪುತ್ತದೆ. ಮನೆಯಲ್ಲಿ ನಿಧಾನವಾಗಿ ತಿಂಡಿ ತಿಂದು ಹತ್ತೂವರೆಗೆ ಪಾರ್ಕಿನ ಗೇಟಿಗೆ ಬಂದವರು ಸಫಾರಿ ಕ್ಯೂ ದಾಟಿ ಹೊರಬರುವಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿರುತ್ತದೆ. ಅಲ್ಲಿಂದ ಆನೇಕಲ್ ಕಡೆ ಹೊರಟರೆ ಕಣಿವೆ ಇಳಿಯುವ ಹೊತ್ತಿಗೆ ಬೆಳಕೇ ಇರುವುದಿಲ್ಲ. ಹಾಗಾಗಿ ಬೆಳಗ್ಗೆ ದೇವರು, ಆಮೇಲೆ ಪ್ರಾಣಿ, ಕೊನೆಗೆ ನೀರು.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಮಂಗಳವಾರ ಪಾರ್ಕಿಗೆ ರಜೆ. ಭಾನುವಾರ ತೆರೆದಿದ್ದರೂ ಈ ಯೋಜನೆಗೆ ಒಗ್ಗುವುದಿಲ್ಲ, ಅರ್ಧ ದಿನ ಕ್ಯೂನಲ್ಲೇ ಕಳೆಯುತ್ತದೆ. ಜಲಪಾತಕ್ಕಾಗಿ ಹೋಗುವುದಾದರೆ ಆಗಸ್ಟ್‌ನಿಂದ ನವೆಂಬರ್ ಒಳಗೆ, ಅದೂ ಹಿಂದಿನ ವಾರ ಆನೇಕಲ್ ಕಡೆ ಚೆನ್ನಾಗಿ ಮಳೆಯಾಗಿದ್ದರೆ ಮಾತ್ರ. ಮುತ್ಯಾಲಮಡುವಿಗೆ ನೀರು ಬರುವುದು ಸಣ್ಣ ಹಳ್ಳದಿಂದ. ಮಳೆ ನಿಂತ ಕೆಲವೇ ದಿನಗಳಲ್ಲಿ ಧಾರೆ ದಾರವಾಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೋದವರಿಗೆ ಸಿಗುವುದು ಒಣ ಬಂಡೆ.

ಬಸ್ಸಿನಲ್ಲಿ ಹೋಗುವವರಿಗೆ ಮೆಜೆಸ್ಟಿಕ್‌ನಿಂದ 365 ಇದೆ, ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಎಲ್ಲಿ ಬೇಕಾದರೂ ಹತ್ತಬಹುದು. ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಉಚಿತ, ಎಸಿ ಬಸ್ಸಿಗೆ ಇದು ಅನ್ವಯಿಸದು. ಆರೂವರೆಯೊಳಗೆ ಮನೆ ಬಿಡಿ. ಎಂಟು ದಾಟಿದರೆ ಜಯದೇವದಿಂದ ಗೊಟ್ಟಿಗೆರೆವರೆಗಿನ ಟ್ರಾಫಿಕ್ಕೇ ನಿಮ್ಮ ದೇವರ ದರ್ಶನದ ಹೊತ್ತನ್ನು ನುಂಗುತ್ತದೆ.

ಪಾರ್ಕಿಗಿಂತ ಮುಂಚೆ ಬನ್ನೇರುಘಟ್ಟ ಊರಿನಲ್ಲೇ ಇಳಿಯಿರಿ. ಗುಡ್ಡದ ಬುಡದಲ್ಲಿ ಹೊಯ್ಸಳರ ಕಾಲದಷ್ಟು ಹಳೆಯ ಚಂಪಕಧಾಮ ಸ್ವಾಮಿ ದೇವಸ್ಥಾನವಿದೆ, ಊರವರು ಸಂಪಂಗಿರಾಮ ಎಂದೂ ಕರೆಯುತ್ತಾರೆ. ದರ್ಶನ ಮುಗಿಸಿ ಮೆಟ್ಟಿಲು ಹತ್ತಿದರೆ ಮೇಲೆ ನರಸಿಂಹನ ಗುಡಿ, ಅಲ್ಲಿಂದ ಕಾಡು ಕಾಣುತ್ತದೆ. ಬಂಡೆ ಕಾಯುವ ಮುಂಚೆ ಹತ್ತಿ ಇಳಿಯಿರಿ, ಬರಿಗಾಲಿಗೆ ಹತ್ತು ಗಂಟೆಯ ಬಿಸಿಲೇ ಸಾಕು. ತೆಂಗಿನಕಾಯಿ, ಬಾಳೆಹಣ್ಣನ್ನು ಕೈಚೀಲದಲ್ಲಿ ನೇತಾಡಿಸಿಕೊಂಡು ಹೋಗಬೇಡಿ. ಚೀಲ ಕಂಡರೆ ಸಾಕು, ಕೋತಿ ಬರುತ್ತದೆ. ಎಲ್ಲವನ್ನೂ ಬೆನ್ನಿನ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ. ಚರ್ಮರೋಗ ವಾಸಿಯಾಗುತ್ತದೆಂದು ಜನ ನಂಬುವ ಸುವರ್ಣಮುಖಿ ಕಲ್ಯಾಣಿ ಗುಡ್ಡದ ಹಿಂದಿದೆ. ಅದು ಕಾಡಂಚು, ಆನೆ ಓಡಾಡುವ ಸೀಮೆ. ದೇವಸ್ಥಾನದವರನ್ನು ಕೇಳಿಕೊಂಡೇ ಹೋಗಿ, ಬೇಡ ಎಂದರೆ ಬಿಟ್ಟುಬಿಡಿ.

ಒಂಬತ್ತು ಕಾಲಿಗೆ ಪಾರ್ಕಿನ ಗೇಟಿನ ಮುಂದಿರಬೇಕು, ತೆರೆಯುವುದು ಒಂಬತ್ತೂವರೆಗೆ. ಸಫಾರಿ ಟಿಕೆಟನ್ನು ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ದರವನ್ನೂ ಅಲ್ಲೇ ನೋಡಿಕೊಳ್ಳಿ. ಬೆಳಗಿನ ಮೊದಲ ಸಫಾರಿಯೇ ಒಳ್ಳೆಯದು, ಬಿಸಿಲೇರಿದ ಮೇಲೆ ಹುಲಿ, ಸಿಂಹ ನೆರಳು ಹಿಡಿದು ಮಲಗುತ್ತವೆ. ಕಿಟಕಿಯ ಜಾಲರಿಗೆ ಬೆರಳು, ಫೋನು ತೂರಿಸಬಾರದು; ಮಕ್ಕಳನ್ನು ಕಿಟಕಿ ಕಡೆಗೆ ಕೂರಿಸಿದರೆ ಕೈ ಹಿಡಿದುಕೊಂಡೇ ಇರಿ. ಸಫಾರಿ ಆದಮೇಲೆ ಮೃಗಾಲಯ. ಚಿಟ್ಟೆ ಪಾರ್ಕನ್ನು ಮಕ್ಕಳಿದ್ದರೆ ಸೇರಿಸಿ, ಇಲ್ಲದಿದ್ದರೆ ಈ ದಿನಕ್ಕೆ ಬಿಡಿ.

ಒಂದು ಮಾತು ಇಲ್ಲೇ ಹೇಳಬೇಕು. ನಾವು ‘ಬನ್ನೇರುಘಟ್ಟ ಪಾರ್ಕ್’ ಎನ್ನುವುದು ಜೈವಿಕ ಉದ್ಯಾನವನ್ನು, ರಾಷ್ಟ್ರೀಯ ಉದ್ಯಾನದಿಂದ 2002ರಲ್ಲಿ ಬೇರೆ ಮಾಡಿದ ಭಾಗ. ನಿಜವಾದ ರಾಷ್ಟ್ರೀಯ ಉದ್ಯಾನ ಸುಮಾರು 260 ಚದರ ಕಿ.ಮೀ. ಕಾಡು, ಮನಬಂದಂತೆ ನುಗ್ಗುವಂತಿಲ್ಲ. ಕಗ್ಗಲೀಪುರದ ಕಡೆಯ ತೊಟ್ಟಿಕಲ್ಲು ಜಲಪಾತವನ್ನು ಮ್ಯಾಪ್ ತೋರಿಸಿತೆಂದು ಹೊರಟುಬಿಡಬೇಡಿ. ಅದು ಅರಣ್ಯ ಇಲಾಖೆಯ ಹಿಡಿತದಲ್ಲಿರುವ ಜಾಗ, ಅನುಮತಿಯಿಲ್ಲದೆ ಹೋದರೆ ದಂಡ ಬೀಳಬಹುದು, ಆನೆಯೂ ಎದುರಾಗಬಹುದು.

ಮಧ್ಯಾಹ್ನ ಒಂದಕ್ಕೆ ಪಾರ್ಕಿನಿಂದ ಹೊರಬಿದ್ದು ಊಟ ಮುಗಿಸಿ, ಜಿಗಣಿ ಮೇಲೆ ಆನೇಕಲ್‌ಗೆ ಹೋಗಿ. ಅಲ್ಲಿಂದ ಮುತ್ಯಾಲಮಡುವು ಸುಮಾರು 5 ಕಿ.ಮೀ. ಬಸ್ ನೆಚ್ಚಿಕೊಳ್ಳುವ ಬದಲು ಆನೇಕಲ್‌ನಲ್ಲೇ ಆಟೋ ಹಿಡಿದು, ಹೋಗಿಬರುವುದು, ಎರಡು ಗಂಟೆ ಕಾಯುವುದು ಎರಡಕ್ಕೂ ಸೇರಿಸಿ ಹತ್ತುವ ಮುಂಚೆಯೇ ಬಾಡಿಗೆ ಮಾತಾಡಿ. ಕಣಿವೆಯ ಬಾಯಲ್ಲಿ ಇಳಿದು ಆಟೋ ಬಿಟ್ಟರೆ ವಾಪಸ್ಸು ಬರಲು ಇನ್ನೊಂದು ಸಿಗುವ ಖಾತರಿ ಇಲ್ಲ.

ಮೆಟ್ಟಿಲಿಳಿದು ಹೋದರೆ ಜಲಪಾತ, ಹತ್ತಿರವೇ ಚಿಕ್ಕ ಶಿವನ ಗುಡಿ. ಇಳಿಯಲು ಹಿಡಿದದ್ದಕ್ಕೆ ಎರಡರಷ್ಟು ಹೊತ್ತನ್ನು ಹತ್ತಲು ಇಟ್ಟುಕೊಳ್ಳಿ. ಮಂಡಿನೋವಿರುವ ಹಿರಿಯರು ಮೇಲೆ ಕೂತು ಕಣಿವೆ ನೋಡುವುದೇ ಮೇಲು. ತಲೆಗೊಂದು ಎರಡು ಲೀಟರ್ ನೀರು ಬೆಳಗ್ಗೆಯಿಂದಲೇ ಜೊತೆಗಿರಲಿ. ಚಪ್ಪಲಿ ಹಿಮ್ಮಡಿಗೆ ಪಟ್ಟಿಯಿರುವಂಥದ್ದಾಗಿರಲಿ, ದೇವಸ್ಥಾನದಲ್ಲಿ ಬಿಚ್ಚಲೂ ಸುಲಭ, ಒದ್ದೆಯಲ್ಲೂ ಜಾರದು. ಕಾಲು ಮುರಿಯುವುದು ಸಾಮಾನ್ಯವಾಗಿ ನೀರು ಕಡಿಮೆಯಿರುವಾಗಲೇ. ಧಾರೆ ಜೋರಾಗಿದ್ದರೆ ಜನ ಹೆದರಿ ದೂರ ನಿಲ್ಲುತ್ತಾರೆ, ತೆಳ್ಳಗಿದ್ದರೆ ಫೋಟೋಗೆಂದು ಪಾಚಿ ಹಿಡಿದ ಬಂಡೆ ಹತ್ತುತ್ತಾರೆ. ನೀರು ಕೆಂಪಗಾಗಿ ಒಮ್ಮೆಲೇ ಏರಿದರೆ ಮೇಲೆಲ್ಲೋ ಮಳೆ ಬಿದ್ದಿದೆ ಎಂದರ್ಥ, ಮಾತಿಲ್ಲದೆ ಮೆಟ್ಟಿಲ ಕಡೆ ನಡೆಯಿರಿ.

ಐದಕ್ಕೆ ಮೇಲೆ ಬಂದಿರಬೇಕು. ವಾಪಸ್ಸು ಬನ್ನೇರುಘಟ್ಟ ರಸ್ತೆ ಬೇಡ. ಆನೇಕಲ್‌ನಿಂದ ಚಂದಾಪುರಕ್ಕೆ ಬಸ್ಸು, ಅಲ್ಲಿಂದ ಬೊಮ್ಮಸಂದ್ರಕ್ಕೆ ಹೋಗಿ ಹಳದಿ ಮೆಟ್ರೋ ಹತ್ತಿದರೆ ಆರ್‌.ವಿ. ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಳ್ಳಬಹುದು. ಸಿಲ್ಕ್‌ಬೋರ್ಡ್‌ ಸಿಗ್ನಲ್‌ನ ಟ್ರಾಫಿಕ್ಕು ಕೆಳಗೇ ಉಳಿಯುತ್ತದೆ.